ಮೊಬೈಲಿನಲ್ಲಿ ಸಂಘದ ಪ್ರಕಟಣೆ: ಸಾಧನವನ್ನು ಅಳೆದು ನೋಡುವುದು ಹೇಗೆ?



ಹಾಲು ಹಾಕಲು ಹೋದಾಗ ಸಂಘದ ಗೋಡೆಯ ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಸೂಚನೆಯನ್ನು ನಾವೆಲ್ಲರೂ ಓದಿದವರೇ. "ನಾಳೆ ಲಸಿಕೆ ಇದೆ", "ಪಶು ಆಹಾರ ಬಂದಿದೆ", "ಸೋಮವಾರ ಬಟವಾಡೆ" ಎಂಬ ಎರಡು ಮಾತಿನಲ್ಲಿ ಕೆಲಸ ಮುಗಿಯುತ್ತಿತ್ತು. ಈಗ ಅದೇ ಸೂಚನೆ ಬಣ್ಣದ ಚಿತ್ರವಾಗಿ ವಾಟ್ಸಾಪಿನಲ್ಲಿ ಬರುತ್ತಿದೆ. ಚಿತ್ರಕಲೆ ಕಲಿಯದವರೂ ಹತ್ತು ನಿಮಿಷದಲ್ಲಿ ಇಂಥ ಪ್ರಕಟಣೆ ಮಾಡಬಹುದಾದ ಸಾಧನಗಳು ಮೊಬೈಲಿಗೆ ಬಂದಿರುವುದೇ ಇದಕ್ಕೆ ಕಾರಣ.

"ಡಾಕ್ಟರೇ, ಇದು ಒಳ್ಳೆಯದೇ? ಸಂಘದ ಖರ್ಚಿನಲ್ಲಿ ಇದಕ್ಕೆ ದುಡ್ಡು ಕಟ್ಟಬಹುದೇ?" ಎಂದು ಹಲವು ಸಂಘಗಳ ಕಾರ್ಯದರ್ಶಿಗಳು ನನ್ನನ್ನು ಕೇಳಿದ್ದಾರೆ. ನಾನು ಪಶುವೈದ್ಯ, ಚಿತ್ರಗಾರನಲ್ಲ. ಆದರೂ ಲಸಿಕೆ ಶಿಬಿರಗಳಿಗಾಗಿ ನಾನೇ ಇಂಥ ಪ್ರಕಟಣೆಗಳನ್ನು ತಯಾರಿಸಿದ್ದೇನೆ, ತಪ್ಪನ್ನೂ ಮಾಡಿದ್ದೇನೆ. ಆ ಅನುಭವದಿಂದ ತಿಳಿದದ್ದನ್ನು ಇಲ್ಲಿ ತಮ್ಮ ಮುಂದೆ ಇಡುತ್ತಿದ್ದೇನೆ.

ಸಾಧನದ ಹುಟ್ಟು

ಇಂಥ ಸಾಧನಗಳ ಪೈಕಿ ಹೆಚ್ಚು ಜನರ ಬಾಯಲ್ಲಿರುವ ಹೆಸರು ಕ್ಯಾನ್ವಾ. ಇದು ಆಸ್ಟ್ರೇಲಿಯಾದಲ್ಲಿ ಹುಟ್ಟಿದ್ದು. ಪರ್ತ್ ನಗರದಲ್ಲಿ ಮೆಲನಿ ಪರ್ಕಿನ್ಸ್ ಎಂಬ ಯುವತಿ ವಿದ್ಯಾರ್ಥಿಗಳಿಗೆ ವಿನ್ಯಾಸದ ತಂತ್ರಾಂಶಗಳನ್ನು ಹೇಳಿಕೊಡುತ್ತಿದ್ದರು. ಗುಂಡಿ ಎಲ್ಲಿದೆ ಎಂದು ಹುಡುಕಿ ಕಲಿಯುವುದರಲ್ಲೇ ಅವರ ವಿದ್ಯಾರ್ಥಿಗಳಿಗೆ ಬಹಳ ಕಾಲ ಹೋಗುತ್ತಿತ್ತು. ಇದನ್ನು ಕಂಡು ಅವರು ಕ್ಲಿಫ್ ಓಬ್ರೆಕ್ಟ್ ಅವರೊಡನೆ ಸೇರಿ 2007ರಲ್ಲಿ ಶಾಲೆಗಳ ವಾರ್ಷಿಕ ಸಂಚಿಕೆಯನ್ನು ಶಾಲೆಯವರೇ ಸಿದ್ಧಪಡಿಸಿಕೊಳ್ಳುವ ಒಂದು ಸಣ್ಣ ವ್ಯವಸ್ಥೆ ಆರಂಭಿಸಿದರು. ಮುಂದೆ ಕ್ಯಾಮರಾನ್ ಆಡಮ್ಸ್ ಅವರೂ ಜೊತೆಗೂಡಿ, 2013ರಲ್ಲಿ ಕ್ಯಾನ್ವಾ ಸಾರ್ವಜನಿಕರಿಗೆ ತೆರೆಯಿತು. ಅಡೋಬಿ ಎಕ್ಸ್‌ಪ್ರೆಸ್ ಮುಂತಾದ ಇದೇ ಬಗೆಯ ಬೇರೆ ಸಾಧನಗಳೂ ಇವೆ.

ಎಲ್ಲದರ ಕೆಲಸದ ರೀತಿ ಒಂದೇ. ಸಿದ್ಧ ಮಾದರಿಗಳು ಇರುತ್ತವೆ. ಒಂದನ್ನು ಆರಿಸಿ, ಅದರಲ್ಲಿರುವ ಬರಹವನ್ನು ಅಳಿಸಿ ನಮ್ಮದನ್ನು ಬರೆಯಬೇಕು. ಚಿತ್ರ ಬದಲಿಸಬೇಕು. ಮುಗಿದ ಮೇಲೆ ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಇಳಿಸಿಕೊಳ್ಳಬೇಕು. ಒಂದಷ್ಟು ಭಾಗ ಉಚಿತ, ಉಳಿದದ್ದಕ್ಕೆ ತಿಂಗಳಿಗೆ ಅಥವಾ ವರ್ಷಕ್ಕೆ ಹಣ.

ಇಷ್ಟು ತಿಳಿದ ಮೇಲೆ, ಒಳ್ಳೆಯದೋ ಅಲ್ಲವೋ ಎಂದು ಅಳೆಯುವುದು ಹೇಗೆ? ಸಂತೆಯಲ್ಲಿ ಎಮ್ಮೆ ಕೊಳ್ಳುವಾಗ ಕೊಂಬಿಗೆ ಹಚ್ಚಿದ ಬಣ್ಣವನ್ನು ಯಾರೂ ನೋಡುವುದಿಲ್ಲ. ಕೆಚ್ಚಲು ನೋಡುತ್ತೇವೆ, ಹಿಂಡಿ ನೋಡುತ್ತೇವೆ. ಪ್ರಕಟಣೆಯ ಸಾಧನವನ್ನೂ ಹಾಗೆಯೇ ಹಿಂಡಿ ನೋಡಬೇಕು.

ಕಣಕುಂಬಿ ಭಾಗದಲ್ಲಿ ಕಲಿತ ಪಾಠ

ಖಾನಾಪುರ ತಾಲೂಕಿನ ಕಣಕುಂಬಿ ತಮಗೆಲ್ಲ ಗೊತ್ತಿರುವ ಊರು. ಜಾಂಬೋಟಿಯಿಂದ ಪಶ್ಚಿಮಕ್ಕೆ, ಚೋರ್ಲಾ ಘಾಟಿನ ದಾರಿಯಲ್ಲಿ, ಮಲಪ್ರಭೆ ಹುಟ್ಟುವ ಸ್ಥಳ. ಸುತ್ತಲೂ ಕಾಡು, ದೂರ ದೂರಕ್ಕೆ ಚದುರಿದ ಸಣ್ಣ ಸಣ್ಣ ಊರುಗಳು. ಮಳೆಗಾಲದಲ್ಲಿ ಮಳೆ ಬಿಡುವುದೇ ಇಲ್ಲ. ಮನೆ ಮಾತು ಬಹಳ ಮಂದಿಗೆ ಮರಾಠಿ ಇಲ್ಲವೇ ಕೊಂಕಣಿ. ದನಗಳನ್ನು ಬೆಳಗ್ಗೆ ಕಾಡಿಗೆ ಮೇಯಲು ಬಿಡುವ ರೂಢಿ ಇದೆ. ಆಕಳ ಜೊತೆಗೆ ಎಮ್ಮೆಯನ್ನೂ ಕಟ್ಟಿದವರು ಬಹಳ.

ಕಾಲುಬಾಯಿ ಬೇನೆಯ ಲಸಿಕೆಗಾಗಿ ಆ ಭಾಗಕ್ಕೆಂದು ನಾನೊಂದು ಪ್ರಕಟಣೆ ತಯಾರಿಸಿದೆ. ಸಿದ್ಧ ಮಾದರಿಯಲ್ಲಿ ಹಸಿರು ಹುಲ್ಲುಗಾವಲು, ಅದರಲ್ಲಿ ಕಪ್ಪು ಬಿಳಿ ಮಚ್ಚೆಯ ಎಚ್.ಎಫ್. ಆಕಳು. ನೋಡಲು ಬಹಳ ಚೆಂದವಿತ್ತು. ದಿನಾಂಕ, ಸ್ಥಳ ಎಲ್ಲವೂ ಸರಿಯಾಗಿದ್ದವು. ಸಹೋದ್ಯೋಗಿಗಳೂ ಹೊಗಳಿದರು.

ಶಿಬಿರದ ದಿನ ಮಿಶ್ರತಳಿ ಆಕಳುಗಳು ಬಂದವು. ಎಮ್ಮೆಗಳು ಬೆರಳೆಣಿಕೆಯಷ್ಟೂ ಬರಲಿಲ್ಲ. ಮಧ್ಯಾಹ್ನದ ಮೇಲೆ ಮನೆ ಮನೆಗೆ ಹೊರಟೆವು. ಒಂದು ಮನೆಯ ಅಂಗಳದಲ್ಲಿ ಎರಡು ಎಮ್ಮೆ ಕಟ್ಟಿದ್ದ ಹಿರಿಯ ತಾಯಿಯೊಬ್ಬರನ್ನು "ಯಾಕೆ ತರಲಿಲ್ಲ?" ಎಂದು ಕೇಳಿದೆ. ಅವರು ಮೊಮ್ಮಗನ ಮೊಬೈಲು ತರಿಸಿ ನನ್ನದೇ ಪ್ರಕಟಣೆಯನ್ನು ನನಗೆ ತೋರಿಸಿ, "ಸಾಹೇಬ್ರ, ಇದರಾಗ ಎಮ್ಮಿ ಎಲ್ಲೈತ್ರಿ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ "ಎಲ್ಲ ಜಾನುವಾರುಗಳಿಗೂ" ಎಂದು ಬರೆದಿದ್ದೆ. ಅದನ್ನು ಓದಿದವರಿಲ್ಲ. ಓದಲು ಬಾರದವರು ಚಿತ್ರವನ್ನೇ ಓದಿದ್ದರು. ಚಿತ್ರದಲ್ಲಿದ್ದದ್ದು ಆಕಳು, ಅದೂ ತಮ್ಮ ಕೊಟ್ಟಿಗೆಯಲ್ಲಿ ಇಲ್ಲದ ಆಕಳು. "ಇದು ದೊಡ್ಡ ಆಕಳು ಕಟ್ಟಿದವರಿಗೆ, ನಮಗಲ್ಲ" ಎಂದು ತಿಳಿದುಕೊಂಡರು. ತಪ್ಪು ಅವರದಲ್ಲ, ನನ್ನದು.

ಇದನ್ನು ಸಣ್ಣ ಸಂಗತಿ ಎನ್ನುವಂತಿಲ್ಲ. ಕಾಲುಬಾಯಿ ಬೇನೆ ಆಕಳು, ಎಮ್ಮೆ, ಆಡು, ಕುರಿ, ಹಂದಿ ಎಲ್ಲಕ್ಕೂ ಬರುತ್ತದೆ. ಊರಿನ ಆಕಳಿಗೆಲ್ಲ ಲಸಿಕೆ ಹಾಕಿ ಎಮ್ಮೆಗಳನ್ನು ಬಿಟ್ಟರೆ ರೋಗಾಣುವಿಗೆ ಊರಿನಲ್ಲಿ ಮನೆ ಬಿಟ್ಟುಕೊಟ್ಟಂತೆಯೇ. ಬೇನೆ ಬಂದು ಹೋದ ಮೇಲೂ ಹಾಲು ಮೊದಲಿನ ಮಟ್ಟಕ್ಕೆ ಬಾರದಿರುವುದು, ಬೆದೆಗೆ ಬಾರದಿರುವುದು, ಬಿಸಿಲಿನಲ್ಲಿ ಏದುಸಿರು ಬಿಡುವುದು ತಾವು ಕಂಡದ್ದೇ. ಎಳೆಗರುಗಳು ಸಾಯುವುದೂ ಉಂಟು. ಮೇಲಾಗಿ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಒಯ್ಯಬೇಕು. ತೆರೆದ ಬಾಟಲಿಯನ್ನು ಮರುದಿನಕ್ಕೆ ಇಡುವಂತಿಲ್ಲ. ಜನ ಬಾರದಿದ್ದರೆ ಆ ತಂಪೂ ವ್ಯರ್ಥ, ಪ್ರವಾಸವೂ ವ್ಯರ್ಥ.

ಆದ್ದರಿಂದ ನಾನು ಕಲಿತ ಮೊದಲ ಮಾತು ಇದು: ಪ್ರಕಟಣೆಯ ಬೆಲೆ ಅದರ ಅಂದದಲ್ಲಿಲ್ಲ. ಅದನ್ನು ನೋಡಿದವರು ಮರುದಿನ ಏನು ಮಾಡಿದರು ಎಂಬುದರಲ್ಲಿದೆ. ಸಾಧನವನ್ನೂ ಇದೇ ಅಳತೆಯಿಂದ ಅಳೆಯಬೇಕು.

ಸಾಧನವನ್ನು ಪರೀಕ್ಷಿಸುವ ಆರು ಅಂಶಗಳು

ಯಾವ ಸಾಧನವನ್ನಾದರೂ ಒಪ್ಪಿಕೊಳ್ಳುವ ಮೊದಲು ಈ ಕೆಳಗಿನ ಆರು ಅಂಶಗಳನ್ನು ತಾವೇ ಮಾಡಿ ನೋಡಬೇಕು. ಅರ್ಧ ದಿನದ ಕೆಲಸ.

1. ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆಯೇ? "ಕಾರ್ಯಕ್ರಮ", "ಉತ್ಪಾದಕರ", "ಚಿಕಿತ್ಸೆ", "ಸ್ವಚ್ಛ" ಎಂಬ ನಾಲ್ಕು ಪದ ಬರೆದು ನೋಡಿರಿ. ಒತ್ತು ಮತ್ತು ಅರ್ಕಾವತ್ತು ತಮ್ಮ ಜಾಗದಲ್ಲಿ ಕುಳಿತಿರಬೇಕು. ಸಿದ್ಧ ಮಾದರಿಗಳು ಬಹುಮಟ್ಟಿಗೆ ಇಂಗ್ಲಿಷಿಗಾಗಿ ಮಾಡಿದವು. ಆದ್ದರಿಂದ ಸಾಲುಗಳ ನಡುವೆ ಜಾಗ ಕಡಿಮೆ ಇರುತ್ತದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಲುಗಳ ಅಂತರವನ್ನು ಹೆಚ್ಚಿಸಿದರೆ ಇದು ಸರಿಹೋಗುತ್ತದೆ. ಅಕ್ಷರ ಅಕ್ಷರಗಳ ನಡುವಿನ ಅಂತರವನ್ನು ಮಾತ್ರ ಹೆಚ್ಚಿಸಬೇಡಿರಿ, ಬರಹವನ್ನು ಕಮಾನಿನಂತೆ ಬಾಗಿಸಲೂ ಬೇಡಿರಿ. ಕನ್ನಡಕ್ಕೆ ಇವೆರಡೂ ಒಗ್ಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಸಂಘದ ಗಣಕಯಂತ್ರದಲ್ಲಿ ಹಳೆಯ ನುಡಿ ಅಥವಾ ಬರಹದ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ ಸೂಚನೆಯನ್ನು ಹಾಗೆಯೇ ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಅದು ಸಾಧನದ ದೋಷವಲ್ಲ, ಸಂಕೇತ ಬೇರೆ. ಯೂನಿಕೋಡ್ ಕನ್ನಡಕ್ಕೆ ಪರಿವರ್ತಿಸಿ ಅಂಟಿಸಬೇಕು, ಇಲ್ಲವೇ ಮೊಬೈಲಿನ ಕನ್ನಡ ಕೀಲಿಮಣೆಯಲ್ಲಿ ಹೊಸದಾಗಿ ಬರೆಯಬೇಕು. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ ಇವು ಉಚಿತವಾಗಿ ಸಿಗುವ, ಓದಲು ಸುಲಭವಾದ ಯೂನಿಕೋಡ್ ಅಕ್ಷರ ಶೈಲಿಗಳು.

2. ನಮ್ಮ ಚಿತ್ರ ಹಾಕಲು ಬರುತ್ತದೆಯೇ? ಸಾಧನದಲ್ಲಿ ಸಿಗುವ ದನಗಳ ಚಿತ್ರ ಹೊರದೇಶದ್ದೇ ಹೆಚ್ಚು. ತಮ್ಮ ಊರಿನ ಎಮ್ಮೆ, ತಮ್ಮ ಊರಿನ ಆಕಳು, ಪಕ್ಕದಲ್ಲಿ ಕರು, ಮೂರೂ ಇರುವ ಫೋಟೋವನ್ನು ಮೊಬೈಲಿನಲ್ಲಿ ತೆಗೆದು ಹಾಕಿರಿ. ಬೆಳಗಿನ ಬೆಳಕಿನಲ್ಲಿ, ಪಕ್ಕದಿಂದ ತೆಗೆದರೆ ಸಾಕು. ಈಚೆಗೆ ಕೃತಕ ಬುದ್ಧಿಮತ್ತೆಯಿಂದ ಚಿತ್ರ ಬರೆಸುವ ಗುಂಡಿಯೂ ಬಂದಿದೆ. ಅಂಥ ಚಿತ್ರದಲ್ಲಿ ಕಾಲು, ಕೆಚ್ಚಲು, ಮೊಲೆಗಳ ಎಣಿಕೆಯನ್ನು ಖಚಿತಪಡಿಸಿಕೊಳ್ಳದೆ ಬಳಸಬೇಡಿರಿ. ರೋಗದ ಲಕ್ಷಣ ತೋರಿಸಲು ಅದನ್ನು ಬಳಸಲೇಬಾರದು. ಬಾಯಿಯ ಹುಣ್ಣು ಹೇಗಿರುತ್ತದೆ ಎಂಬುದಕ್ಕೆ ಪಶುವೈದ್ಯರು ಕೊಟ್ಟ ನಿಜವಾದ ಫೋಟೋವೇ ಬೇಕು.

3. ಉಚಿತ ಭಾಗದಲ್ಲೇ ಕೆಲಸ ಮುಗಿಯುತ್ತದೆಯೇ? ಹಣದ ಚಿತ್ರ ಮತ್ತು ಮಾದರಿಗಳಿಗೆ ಗುರುತು ಇರುತ್ತದೆ. ಅವನ್ನು ಉಚಿತ ಖಾತೆಯಲ್ಲಿ ಬಳಸಿದರೆ ಚಿತ್ರದ ಮೇಲೆ ನೀರುಗುರುತು ಬೀಳುತ್ತದೆ, ಇಲ್ಲವೇ ಇಳಿಸುವಾಗ ಹಣ ಕೇಳುತ್ತದೆ. ಸಂಘದ ಸೂಚನೆಗೆ ಬೇಕಾದದ್ದು ಒಂದು ಹಿನ್ನೆಲೆ ಬಣ್ಣ, ಒಂದು ಫೋಟೋ, ಐದಾರು ಸಾಲು. ಇದು ಉಚಿತ ಭಾಗದಲ್ಲೇ ಆಗುತ್ತದೆ. "ಕೆಲವು ದಿನ ಪುಕ್ಕಟೆ, ನೋಡಿ" ಎಂಬ ಕೊಡುಗೆಗೆ ಸಂಘದ ಬ್ಯಾಂಕ್ ಕಾರ್ಡಿನ ವಿವರ ಕೊಡಬೇಡಿರಿ. ಅವಧಿ ಮುಗಿದ ಮೇಲೆ ರದ್ದು ಮಾಡಲು ಮರೆತರೆ ಹಣ ತಾನಾಗಿ ಕಡಿತವಾಗುತ್ತದೆ.

4. ನೆಟ್‌ವರ್ಕ್ ಇಲ್ಲದಾಗ ಏನು? ಈ ಸಾಧನಗಳು ಅಂತರಜಾಲವಿದ್ದಾಗಲೇ ಚೆನ್ನಾಗಿ ನಡೆಯುವಂಥವು. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟೂ ಇರದು, ನೆಟ್‌ವರ್ಕೂ ಇರದು. ವರ್ಷಕ್ಕೆ ಬೇಕಾಗುವ ನಾಲ್ಕೈದು ಪ್ರಕಟಣೆಗಳ ಮಾದರಿಯನ್ನು ಬೇಸಿಗೆಯಲ್ಲೇ ಮಾಡಿ, ದಿನಾಂಕದ ಜಾಗ ಖಾಲಿ ಬಿಟ್ಟು ಮುದ್ರಿಸಿಟ್ಟುಕೊಳ್ಳಿರಿ. ದಿನಾಂಕವನ್ನು ದಪ್ಪ ಪೆನ್ನಿನಿಂದ ತುಂಬಿದರಾಯಿತು. ಕರಿ ಹಲಗೆಯನ್ನೂ ತೆಗೆಯಬೇಡಿರಿ.

5. ಜೆರಾಕ್ಸ್ ಮಾಡಿದರೆ ಓದಲು ಬರುತ್ತದೆಯೇ? ಮೊಬೈಲಿನಲ್ಲಿ ಹೊಳೆಯುವ ಹಸಿರಿನ ಮೇಲಿನ ಕೆಂಪು ಅಕ್ಷರ, ಕಪ್ಪು ಬಿಳುಪಿನ ಜೆರಾಕ್ಸಿನಲ್ಲಿ ಬೂದಿಯ ಮೇಲೆ ಬೂದಿಯಾಗುತ್ತದೆ. ಬಿಳಿ ಅಥವಾ ತಿಳಿ ಹಳದಿಯ ಮೇಲೆ ಕಪ್ಪು ಅಕ್ಷರವೇ ಲೇಸು. ಹಾಳೆಯ ಅಳತೆಯನ್ನು ಮೊದಲೇ ಎ4 ಎಂದು ಆರಿಸಬೇಕು. ಮೊಬೈಲಿಗೆಂದು ಚೌಕಾಕಾರದಲ್ಲಿ ಮಾಡಿದ್ದನ್ನು ಹಾಳೆಗೆ ಎಳೆದರೆ ಬರಹ ಮಸುಕಾಗುತ್ತದೆ. ಮುದ್ರಣಕ್ಕೆ ಪಿಡಿಎಫ್ ಆಗಿ ಇಳಿಸಿರಿ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸಿ ಕಳಿಸುವುದರಿಂದ ಸಣ್ಣ ಅಕ್ಷರಗಳನ್ನು ನಂಬಬೇಡಿರಿ.

6. ಖಾತೆ ಯಾರ ಹೆಸರಿನಲ್ಲಿದೆ? ಕಾರ್ಯದರ್ಶಿಯವರ ಸ್ವಂತ ಇಮೇಲಿನಲ್ಲಿ ಖಾತೆ ತೆರೆದರೆ, ಅವರು ಬದಲಾದ ದಿನ ಸಂಘದ ಎಲ್ಲ ಮಾದರಿಗಳೂ ಅವರೊಡನೆ ಹೋಗುತ್ತವೆ. ಸಂಘದ ಹೆಸರಿನಲ್ಲಿ ಒಂದು ಇಮೇಲ್ ತೆರೆದು, ಗುಪ್ತಪದವನ್ನು ಲಕೋಟೆಯಲ್ಲಿಟ್ಟು ಅಧ್ಯಕ್ಷರ ವಶದಲ್ಲಿಡಬೇಕು. ಸದಸ್ಯರ ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ, ದನದ ಕಿವಿಯೋಲೆಯ 12 ಅಂಕಿಯ ಸಂಖ್ಯೆ ಇವಾವನ್ನೂ ಪ್ರಕಟಣೆಯಲ್ಲಿ ಹಾಕಬಾರದು. ಸದಸ್ಯರ ಫೋಟೋ ಹಾಕುವುದಿದ್ದರೆ ಅವರ ಒಪ್ಪಿಗೆ ಪಡೆಯಬೇಕು. ನಂದಿನಿ ಲಾಂಛನವನ್ನು ಒಕ್ಕೂಟದ ಅನುಮತಿ ಇಲ್ಲದೆ ಬಳಸಬಾರದು, ಅದರ ಬಣ್ಣ ಬದಲಿಸಬಾರದು.

ಏನು ಬರೆಯಬೇಕು?

ಸಾಧನ ಪರೀಕ್ಷೆಯಲ್ಲಿ ಗೆದ್ದರೂ ಬರೆಯುವ ಮಾತು ನಮ್ಮದೇ. ಅದನ್ನು ಯಾವ ಸಾಧನವೂ ಹೇಳಿಕೊಡದು. 1966ರಿಂದ ಬರುತ್ತಿರುವ ಅಮೂಲ್ ಬೆಣ್ಣೆಯ ಜಾಹೀರಾತನ್ನು ನೆನಪಿಸಿಕೊಳ್ಳಿರಿ. ಚುಕ್ಕೆ ಚುಕ್ಕೆ ಅಂಗಿಯ ಒಬ್ಬ ಹುಡುಗಿ, ಮೇಲೊಂದು ಸಾಲು. ಇಷ್ಟೇ. ಅದೂ ಹಾಲು ಉತ್ಪಾದಕರ ಸಹಕಾರ ಸಂಸ್ಥೆಯದೇ ಜಾಹೀರಾತು. ಒಂದು ಚಿತ್ರ, ಒಂದು ಮಾತು ಎಂಬ ಆ ನಿಯಮ ನಮ್ಮ ಲಸಿಕೆಯ ಸೂಚನೆಗೂ ಸಲ್ಲುತ್ತದೆ.

ಎಮ್ಮೆಯ ಪಾಠ ಕಲಿತ ಮೇಲೆ ನಾನು ಹೊಸದಾಗಿ ಬರೆದ ಸೂಚನೆ ಹೀಗಿದೆ. ತಾವೂ ಬಳಸಿಕೊಳ್ಳಬಹುದು:

ಕಾಲುಬಾಯಿ ಬೇನೆ ಲಸಿಕೆ, ಪುಕ್ಕಟೆ.
ಎಮ್ಮೆ, ಆಕಳು, ಎತ್ತು, 4 ತಿಂಗಳು ದಾಟಿದ ಕರು ಎಲ್ಲಕ್ಕೂ.
ದಿನಾಂಕ, ವಾರ, ಇಸವಿ.
ಬೆಳಗ್ಗೆ 7ರಿಂದ. ಅಂದು ದನಗಳನ್ನು ಮೇಯಲು ಬಿಡದೆ ಕಟ್ಟಿರಿ.
ಒಂದೆರಡು ದಿನ ಹಾಲು ತುಸು ಕಡಿಮೆಯಾಗಬಹುದು, ಮತ್ತೆ ಸರಿಯಾಗುತ್ತದೆ.

ಕೊನೆಯ ಸಾಲನ್ನು ಯೋಚಿಸಿಯೇ ಸೇರಿಸಿದ್ದೇನೆ. ಲಸಿಕೆಯಿಂದ ಹಾಲು ಇಳಿಯುತ್ತದೆ ಎಂಬ ಅಂಜಿಕೆಯಿಂದ ದನ ತರದವರು ಇದ್ದಾರೆ. ಆ ಅಂಜಿಕೆಯನ್ನು ಮುಚ್ಚಿಟ್ಟರೆ ಪ್ರಕಟಣೆ ಎಷ್ಟು ಚೆಂದವಿದ್ದರೂ ಅವರು ಬರುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರೆ ನಂಬುತ್ತಾರೆ. ಇಸವಿಯನ್ನು ಹಾಕುವುದೂ ಅಗತ್ಯ. ವಾಟ್ಸಾಪಿನಲ್ಲಿ ಹೋದ ವರ್ಷದ ಸೂಚನೆ ಈ ವರ್ಷ ಮತ್ತೆ ತಿರುಗಿ ಬರುತ್ತದೆ. ಹಳೆಯ ಮಾದರಿಯ ಪ್ರತಿ ತೆಗೆದು ಹೊಸದು ಮಾಡುವಾಗ ಹಳೆಯ ದಿನಾಂಕ ಉಳಿದುಬಿಡುವುದೂ ಉಂಟು.

ಗಡಿ ಭಾಗದ ಊರುಗಳಲ್ಲಿ ಕನ್ನಡದ ಜೊತೆಗೆ ಬೇನೆಯ ಮರಾಠಿ ಹೆಸರಾದ "ಲಾಳ್ಯಾ ಖುರಕೂತ" ಎಂಬುದನ್ನು ದೇವನಾಗರಿಯಲ್ಲಿ ಒಂದು ಸಾಲು ಸೇರಿಸಿದರೆ ಉಪಕಾರವಾಗುತ್ತದೆ. ಆದರೆ ಸಾಧನದಲ್ಲಿರುವ ಅನುವಾದದ ಗುಂಡಿಯನ್ನು ನಂಬಿ ಕಳಿಸಬೇಡಿರಿ. ಆ ಭಾಷೆ ಬಲ್ಲ ಸದಸ್ಯರೊಬ್ಬರಿಗೆ ಓದಿಸಿದ ಮೇಲೆಯೇ ಕಳಿಸಿರಿ.

ಮೂವರ ಪರೀಕ್ಷೆ

ಪ್ರಕಟಣೆ ಸಿದ್ಧವಾದ ಮೇಲೆ ಎಲ್ಲರಿಗೂ ಕಳಿಸುವ ಮುನ್ನ, ಸಂಜೆ ಹಾಲು ಹಾಕಲು ಬಂದ ಮೂವರಿಗೆ ತೋರಿಸಿರಿ. ಒಬ್ಬರು ವಯಸ್ಸಾದವರು, ಒಬ್ಬರು ಓದಲು ಬಾರದವರು, ಒಬ್ಬರು ಎಮ್ಮೆ ಕಟ್ಟಿದವರು ಇರಲಿ. ಹತ್ತು ಎಣಿಸುವಷ್ಟು ಹೊತ್ತು ತೋರಿಸಿ ಮೊಬೈಲನ್ನು ಜೇಬಿಗೆ ಹಾಕಿರಿ. ಅನಂತರ ಮೂರೇ ಪ್ರಶ್ನೆ: ಇದು ಯಾವುದರ ಬಗ್ಗೆ? ನಿಮ್ಮ ದನಕ್ಕೆ ಸಂಬಂಧಿಸಿದೆಯೇ? ನೀವು ಯಾವಾಗ, ಏನು ಮಾಡಬೇಕು? ಓದಲು ಬಾರದವರಿಗೆ ದಿನಾಂಕ ತಿಳಿಯದಿದ್ದರೆ ಅಡ್ಡಿಯಿಲ್ಲ, ಆದರೆ "ಇದು ನನ್ನ ಎಮ್ಮೆಗೂ ಹೌದು" ಎಂಬುದು ತಿಳಿದಿರಬೇಕು. ಇಬ್ಬರು ತಡವರಿಸಿದರೂ ಪ್ರಕಟಣೆ ತಿದ್ದಬೇಕು.

ಈ ಪರೀಕ್ಷೆಯನ್ನು ನಾನು ಮೊದಲೇ ಮಾಡಿದ್ದರೆ ಆ ತಾಯಿಯ ಪ್ರಶ್ನೆ ಹಿಂದಿನ ಸಂಜೆಯೇ ಬರುತ್ತಿತ್ತು, ಆ ಊರಿಗೆ ಎರಡನೆಯ ಸಲ ಲಸಿಕೆ ಹೊತ್ತು ಹೋಗುವ ಪ್ರಮೇಯ ಬರುತ್ತಿರಲಿಲ್ಲ. ಎರಡನೆಯ ಸಲ ಹೋದಾಗ ಎಮ್ಮೆಯ ಚಿತ್ರವಿರುವ ಪ್ರಕಟಣೆ ಕಳಿಸಿದ್ದೆ, ಹಿಂದಿನ ಸಂಜೆ ಹಾಲು ಅಳೆಯುವಾಗ ಕಾರ್ಯದರ್ಶಿಯವರು ಬಾಯಿಮಾತಿನಲ್ಲೂ ಹೇಳಿದ್ದರು. ನಾವು ತಲುಪುವ ಹೊತ್ತಿಗೆ ಎಮ್ಮೆಗಳು ಅಂಗಳದಲ್ಲೇ ಕಟ್ಟಿದ್ದವು. ಚಿತ್ರದಿಂದ ಎಷ್ಟು ಬಂದವು, ಬಾಯಿಮಾತಿನಿಂದ ಎಷ್ಟು ಬಂದವು ಎಂದು ಬೇರ್ಪಡಿಸಿ ಹೇಳಲಾರೆ. ಎರಡೂ ಬೇಕು ಎಂಬುದಂತೂ ನಿಜ.

ಸದಸ್ಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಪ್ರಶ್ನೆ: ಹಣ ಕಟ್ಟಿ ಪೂರ್ಣ ಸೌಲಭ್ಯ ಪಡೆಯುವುದು ಒಳ್ಳೆಯದೇ?
ಉತ್ತರ: ತಿಂಗಳಿಗೆ ಒಂದೆರಡು ಸೂಚನೆ ಹೊರಡಿಸುವ ಸಂಘಕ್ಕೆ ಬೇಕಿಲ್ಲ. ಆ ಹಣದಲ್ಲಿ ಎ4 ಹಾಳೆಯಲ್ಲಿ ಮುದ್ರಿಸಿ, ಸಂಘದ ಬಾಗಿಲಿಗೆ, ಶಾಲೆಗೆ, ಹಿಟ್ಟಿನ ಗಿರಣಿಗೆ ಅಂಟಿಸುವುದು ಹೆಚ್ಚು ಲಾಭದಾಯಕ.

ಪ್ರಶ್ನೆ: ನಮ್ಮ ಸಂಘದಲ್ಲಿ ಯಾರಿಗೂ ಇದು ಬರುವುದಿಲ್ಲ. ಏನು ಮಾಡಬೇಕು?
ಉತ್ತರ: ಸದಸ್ಯರ ಮನೆಯ ಕಾಲೇಜು ಓದುವ ಮಕ್ಕಳಿಗೆ ಹೇಳಿರಿ. ಒಂದೇ ಸಂಜೆಯಲ್ಲಿ ಕಲಿಯುತ್ತಾರೆ. ಆದರೆ ಬರಹವನ್ನು ಕಾರ್ಯದರ್ಶಿಯವರೇ ಬರೆದು ಕೊಡಬೇಕು, ಮುಗಿದ ಮೇಲೆ ಓದಿ ಒಪ್ಪಿಗೆ ಕೊಡಬೇಕು. ರೋಗ, ಔಷಧ, ಲಸಿಕೆಯ ವಿಷಯವಿದ್ದರೆ ಪಶುವೈದ್ಯರಿಗೂ ತೋರಿಸಬೇಕು.

ಪ್ರಶ್ನೆ: ಗಬ್ಬದ ದನಕ್ಕೆ ಲಸಿಕೆ ಹಾಕಬಹುದೇ ಎಂಬುದನ್ನು ಪ್ರಕಟಣೆಯಲ್ಲಿ ಬರೆಯಬೇಕೇ?
ಉತ್ತರ: ಬೇಡ. ಅದು ಒಂದೊಂದು ದನಕ್ಕೆ ಒಂದೊಂದು ರೀತಿ ನಿರ್ಧರಿಸುವ ವಿಷಯ. "ಗಬ್ಬದ ದನವಿದ್ದರೆ ಡಾಕ್ಟರಿಗೆ ತಿಳಿಸಿರಿ" ಎಂದಷ್ಟೇ ಸೇರಿಸಬಹುದು.

ಬಂಧುಗಳೇ, ಕಾಲುಬಾಯಿ ಬೇನೆಯನ್ನು ದೇಶದಿಂದಲೇ ಓಡಿಸಬೇಕೆಂದು ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಲಸಿಕೆಯ ರಕ್ಷಣೆ ಸುಮಾರು ಆರು ತಿಂಗಳು. ಆದ್ದರಿಂದಲೇ ಆರು ತಿಂಗಳಿಗೊಮ್ಮೆ ಮರಳಿ ಹಾಕಿಸಬೇಕು, ಪ್ರತಿ ಸಲವೂ ಸುದ್ದಿ ಕೊನೆಯ ಮನೆಯವರೆಗೆ ಮುಟ್ಟಬೇಕು. ಇದಕ್ಕೆ ಹೊಸ ಸಾಧನ ನೆರವಾಗುವುದಾದರೆ ಸಂತೋಷದಿಂದ ಬಳಸೋಣ. ಕ್ಯಾನು ಎಷ್ಟು ಹೊಳೆದರೂ ಹಾಲಿನ ಫ್ಯಾಟು ಏರುವುದಿಲ್ಲ ಎಂಬುದನ್ನು ಮಾತ್ರ ಮರೆಯದಿರೋಣ.

ಮುಂದಿನ ಶಿಬಿರದ ಪ್ರಕಟಣೆ ಬಂದಾಗ ಅದನ್ನು ಪಕ್ಕದ ಮನೆಯ ಅಜ್ಜಿಗೆ ತೋರಿಸಿರಿ. ಅವರಿಗೆ ತಿಳಿಯದಿದ್ದರೆ ಸಂಘಕ್ಕೆ ಬಂದು ಹೇಳಿರಿ. ತಿದ್ದಿಕೊಳ್ಳಲು ನಾವು ಸಿದ್ಧರಿದ್ದೇವೆ.